ಕುಂಕುಮ ಹತ್ತಿದ ಕೀಬೋರ್ಡು

ನೀವು ಎಂದಾದರೂ ಕಂಪ್ಯೂಟರಿನ ಕೀಬೋರ್ಡನ್ನು ಮೂಗಿಗೆ ಹಿಡಿದು ಮೂಸಿದ್ದೀರಾ? ಇಲ್ಲವಾದರೆ ಒಳ್ಳೆಯದೇ ಆಯಿತು, ಮರ್ಯಾದಸ್ಥರು ಮಾಡುವ ಕೆಲಸ ಅದಲ್ಲ. ನಾನು ಮಾತ್ರ ಮೊನ್ನೆ ಅಮಾವಾಸ್ಯೆಯ ಬೆಳಿಗ್ಗೆ ಸ್ಟೂಲಿನ ಮೇಲೆ ನಿಂತು ಅದನ್ನೇ ಮಾಡುತ್ತಿದ್ದೆ. ಗೋಕಾಕದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿರುವ ನಮ್ಮ ಅಂಗಡಿಯ ಅಟ್ಟ ಸ್ವಚ್ಛ ಮಾಡುತ್ತಿದ್ದವನ ಕೈಗೆ ಹಳದಿ ವಸ್ತ್ರದಲ್ಲಿ ಸುತ್ತಿದ ಗಂಟೊಂದು ಸಿಕ್ಕಿತು. ಬಿಚ್ಚಿದರೆ ಹಳೆಯ ಕೀಬೋರ್ಡು. ಅರ್ಧ ಕೀಲಿಗಳು ಉದುರಿವೆ, ಉಳಿದವುಗಳ ಸಂದಿಯಲ್ಲಿ ಕುಂಕುಮ ಗಟ್ಟಿಯಾಗಿ ಕೂತಿದೆ. ಕರ್ಪೂರ, ಊದಿನಕಡ್ಡಿ, ಒಣಗಿದ ಚೆಂಡುಹೂವು ಎಲ್ಲ ಕೂಡಿದ ವಾಸನೆ. ಕೆಳಗೆ ಸ್ಟೂಲು ಹಿಡಿದು ನಿಂತಿದ್ದ ನನ್ನ ಹೆಂಡತಿ, "ಅದನ್ನೇನ್ ಮೂಸಿ ನೋಡತೀರಿ, ಹಳೇ ಸಾಮಾನದಾಂವಗ ಹಾಕಿ ಬಿಡ್ರಿ" ಎಂದಳು. ನಾನು ಹಾಕಲಿಲ್ಲ. ಯಾಕೆ ಹಾಕಲಿಲ್ಲ ಎಂದು ಹೇಳಹೋದರೆ ಪಾರೀಸ ಮಾಸ್ತರರ ಕತೆ ಹೇಳಬೇಕು, ಅವರ ಕತೆ ಹೇಳಹೋದರೆ ನಾನಾಡಿದ ಒಂದು ಸುಳ್ಳಿನ ಕತೆಯನ್ನೂ ಹೇಳಬೇಕು. ಬನ್ನಿ, ಚಹಾ ತರಿಸುತ್ತೇನೆ, ಕೂತೇ ಕೇಳಿ.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷ ಆಗಿತ್ತು. ಈಗ ಝೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿಗಳಿಂದ ಹೊಟ್ಟೆ ಹೊರೆಯುವ ಈ ಅಂಗಡಿ ಆಗ ಇಂಟರ್‌ನೆಟ್ ಕೆಫೆ. ನಾಲ್ಕು ಕಂಪ್ಯೂಟರು, ನಾಲ್ಕಕ್ಕೂ ಪ್ಲೈವುಡ್ಡಿನ ಗೂಡು, ಗೂಡಿಗೊಂದು ಪರದೆ. ಓದುವ ಹುಡುಗರಿಗೆ ಲಕ್ಷ್ಯ ಚೆನ್ನಾಗಿ ಹತ್ತಲಿ ಎಂದು ಪರದೆ ಹಾಕಿಸಿದ್ದೇನೆ ಎಂದು ನಾನು ಊರೆಲ್ಲ ಹೇಳಿಕೊಂಡು ಬರುತ್ತಿದ್ದೆ, ಊರು ನಂಬಿರಲಿಲ್ಲ. ಇಂಟರ್‌ನೆಟ್ಟು ಫೋನಿನ ತಂತಿಯಲ್ಲಿ ಬರುತ್ತಿತ್ತು. ಬರುವ ಮೊದಲು ಯಾರೋ ಕುತ್ತಿಗೆ ಹಿಸುಕಿದ ಹಾಗೆ ಕಿರುಚಿಕೊಳ್ಳುತ್ತಿತ್ತು. ಒಂದು ಚಿತ್ರ ಪೂರ್ತಿ ಇಳಿದು ಕಾಣಿಸುವಷ್ಟರಲ್ಲಿ ಒಂದು ಚಹಾ ಕುಡಿದು, ಲೋಟ ಎದುರಿನ ಅಂಗಡಿಗೆ ಕೊಟ್ಟು ಬರಬಹುದಾಗಿತ್ತು. ಇಂಥ ಅಂಗಡಿಗೆ ಒಂದು ಶನಿವಾರ ಮಧ್ಯಾಹ್ನ ಐವತ್ತು ದಾಟಿದ ಮಾಸ್ತರೊಬ್ಬರು ಬಗಲಿಗೆ ಬಟ್ಟೆಯ ಚೀಲ ಹಾಕಿಕೊಂಡು ಬಂದರು.

ಅವರೇ ಪಾರೀಸ ಮಾಸ್ತರರು. ಮೂಡಲಗಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಶನಿವಾರದ ಮುಂಜಾನೆ ಸಾಲಿ ಮುಗಿಸಿ, ಅರಭಾವಿಯ ಮೇಲೆ ಬರುವ ಬಸ್ಸಿನಲ್ಲಿ ತೋಟಗಾರಿಕೆ ಕಾಲೇಜಿನ ಹುಡುಗರ ನಡುವೆ ನಿಂತುಕೊಂಡೇ ಬಂದಿದ್ದರು. "ತಮ್ಮಾ, ಮೂಲ್ಯಾಗಿನ ಮಷಿನ್ ಖಾಲಿ ಐತೇನು?" ಎಂದು ಕೇಳಿ ಒಳಗೆ ಹೋಗಿ ಪರದೆ ಎಳೆದುಕೊಂಡವರು ಮೂರೂವರೆ ತಾಸು ಹೊರಗೆ ಬರಲಿಲ್ಲ. ಮುಂದಿನ ಶನಿವಾರವೂ ಹಾಗೇ, ಅದರ ಮುಂದಿನ ಶನಿವಾರವೂ ಹಾಗೇ. ಎದುರಿನ ಚಹಾದಂಗಡಿಯವನಿಗೆ ತಡೆಯಲಾಗಲಿಲ್ಲ. "ಜೈನರ ಮಾಸ್ತರ, ಉಳ್ಳಾಗಡ್ಡಿ ಸುದ್ದಾ ತಿನ್ನೂದಿಲ್ಲ. ಪರದೆ ಎಳಕೊಂಡ ಏನ ನೋಡತಾರೋ ನಿನ್ನ ಅಂಗಡ್ಯಾಗ?" ಎಂದು ನನ್ನನ್ನೇ ಕೇಳಿದ. ನನಗೇನು ಗೊತ್ತು. ಕಡೆಗೆ ಅವನೇ ಚಹಾ ಕೊಡುವ ನೆವ ಮಾಡಿ ಪರದೆ ಸರಿಸಿ ನೋಡಿಬಂದ. ಬಂದವನ ಮುಖದಲ್ಲಿ ಬಹಳ ನಿರಾಸೆ ಇತ್ತು. "ಪಾಪ, ರೊಕ್ಕಾ ಕೊಟ್ಟ ಕೆಟ್ಟ ಟೀವಿ ನೋಡಾಕತ್ತಾರಪಾ" ಎಂದ.

ಅವನ ಮಾತು ತೀರ ಸುಳ್ಳೇನಲ್ಲ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯ ಹಾಗಿತ್ತು ಆ ತೆರೆ: ಕಪ್ಪಿನ ಮೇಲೆಲ್ಲ ಬಿಳಿ ಚುಕ್ಕೆ. ಎಲ್ಲೋ ದೂರದ ದೇಶದ ಗುಡ್ಡದ ಮೇಲಿನ ದೊಡ್ಡ ದುರ್ಬೀನೊಂದು ಆಕಾಶದ ಒಂದೇ ತುಂಡನ್ನು ಸ್ವಲ್ಪ ಸ್ವಲ್ಪ ಹೊತ್ತು ಬಿಟ್ಟು ನಾಲ್ಕು ಸಲ ಚಿತ್ರ ತೆಗೆಯುತ್ತಿತ್ತಂತೆ. ಆ ಚಿತ್ರಗಳನ್ನು ದುರ್ಬೀನಿನವರು ಮಾಸ್ತರರಂಥ ಹವ್ಯಾಸಿಗಳಿಗೆ ಹಂಚುತ್ತಿದ್ದರು. ನಾಲ್ಕನ್ನೂ ಒಂದರ ಹಿಂದೊಂದು ಮಿಣಕಿಸಿ ನೋಡುವುದು ಮಾಸ್ತರರ ಕೆಲಸ. "ನೋಡ ತಮ್ಮಾ," ಎಂದು ಒಮ್ಮೆ ನನ್ನನ್ನು ಬಾಜೂಕ್ಕೆ ಕೂರಿಸಿಕೊಂಡು ತೋರಿಸಿದರು, "ಬಸ್‌ಸ್ಟ್ಯಾಂಡಿನ್ಯಾಗ ಮಂದಿ ಕುಂತಿರತೈತಿ. ಹಂಗ ಈ ಚಿಕ್ಕಿ ಎಲ್ಲಾ ಕುಂತ ಮಂದಿ. ಒಬ್ಬಾಂವ ಅಷ್ಟ ನಾಕೂ ಚಿತ್ರದಾಗ ಸೀದಾ ನಡಕೋತ ಹೊಂಟಿರತಾನ. ಅಂವ ನಮ್ಮ ಗಿರಾಕಿ." ಆ ಗಿರಾಕಿ ಎಂದರೆ ಸೂರ್ಯನ ಸುತ್ತ ತಿರುಗುವ ಕ್ಷುದ್ರಗ್ರಹ, ಸರಳವಾಗಿ ಹೇಳಿದರೆ ಒಂದು ಕಲ್ಲುಬಂಡೆ. ಅದು ಎಲ್ಲಿ, ಎಷ್ಟು ಹೊತ್ತಿಗೆ ಕಂಡಿತು ಎಂದು ಕರಾರುವಾಕ್ಕಾಗಿ ಬರೆದು ಕಳಿಸಬೇಕು. ಅದು ಮೊದಲು ಯಾರಿಗೂ ಕಾಣದ ಕಲ್ಲಾಗಿದ್ದು, ಎಲ್ಲರಿಗಿಂತ ಮುಂಚೆ ನಮ್ಮ ವರದಿ ಮುಟ್ಟಿದರೆ, ಕಂಡುಹಿಡಿದವರು ಎಂದು ನಮ್ಮ ಹೆಸರು. ನಾನು ಕಣ್ಣು ಕಿರಿದು ಮಾಡಿ, ಹಿರಿದು ಮಾಡಿ ನೋಡಿದೆ. ನನಗೆ ಎಲ್ಲರೂ ಕೂತೇ ಇದ್ದರು.

ಈ ಖಗೋಳಶಾಸ್ತ್ರಜ್ಞರ ಒಂದು ವಿಶೇಷವನ್ನು ನಿಮಗೆ ಹೇಳಲೇಬೇಕು. ಇವರು ನಕ್ಷತ್ರ ಮೂಡುವ ಮೊದಲೇ ಉಂಡು ಕೈ ತೊಳೆಯುವವರು. ಹೊತ್ತು ಮುಳುಗಿದ ಮೇಲೆ ಜೈನರ ಮನೆಯಲ್ಲಿ ಊಟವಿಲ್ಲ. ಮೂಡಲಗಿಯಲ್ಲಿ ಅವರ ಹೆಂಡತಿ ಪದ್ಮಕ್ಕ ತಾಟು ಹಚ್ಚಿ ಕಾಯುತ್ತಿದ್ದರು, ಇವರು ಹೊತ್ತಿಗೆ ಮನೆ ಮುಟ್ಟದಿದ್ದರೆ ಆ ಪುಣ್ಯಾತಗಿತ್ತಿಯೂ ಉಪವಾಸ. ಹಾಗಾಗಿ ನಾಲ್ಕೂವರೆಯ ಬಸ್ಸು ಬಂದಿತೆಂದರೆ ಸೌರಮಂಡಲವನ್ನು ಇದ್ದಲ್ಲೇ ಬಿಟ್ಟು ಮಾಸ್ತರರು ಓಡುತ್ತಿದ್ದರು. "ಸರ, ಚಿಕ್ಕಿ ನೋಡೋರು ರಾತ್ರಿ ನೋಡತಾರ, ನೀವು ಮಟಮಟ ಮಧ್ಯಾಹ್ನ ನೋಡತೀರಿ" ಎಂದು ನಾನು ಕಾಲೆಳೆದರೆ, "ರಾತ್ರಿ ನೋಡಾಕ ಬ್ಯಾರೆ ಮಂದಿ ಅದಾರಲ್ಲೋ. ಅವರು ನೋಡಿದ್ದನ್ನ ನಾ ನೋಡತೇನಿ" ಎನ್ನುತ್ತಿದ್ದರು. ಅವರ ಸಾಲಿಯಲ್ಲಿ ಅವರಿಗೆ 'ಕಲ್ಲು ಮಾಸ್ತರ' ಎಂಬ ಹೆಸರು ಬಿದ್ದಿತ್ತಂತೆ. ಅದನ್ನು ಅವರೇ ನಗುತ್ತ ಹೇಳಿದ್ದರು. ನಗದೆ ಹೇಳಿದ್ದು ಪದ್ಮಕ್ಕನ ಮಾತನ್ನು.

ಅದಕ್ಕೊಂದು ಹಿನ್ನೆಲೆ ಇತ್ತು. ಎರಡು ವರ್ಷದಲ್ಲಿ ಮಾಸ್ತರರು ಮೂರು ಕಲ್ಲು ಹಿಡಿದಿದ್ದರು. ಮೂರಕ್ಕೂ, ಇದು ಮೊದಲೇ ಗೊತ್ತಿರುವ ಕಲ್ಲು, ಜಾಗ ತಿಳಿಸಿದ್ದಕ್ಕೆ ಧನ್ಯವಾದ ಎಂದು ಉತ್ತರ ಬಂದಿತ್ತು. ಪದ್ಮಕ್ಕ ಅದನ್ನು ಕೇಳಿ, "ಶನಿವಾರಕ್ಕೊಮ್ಮೆ ಹೋಗಿ ಮಂದಿ ಕಲ್ಲು ಎಣಿಸಿ ಬರತೀರಿ. ನಮ್ಮದಂತ ಒಂದರ ಸಿಕ್ಕೀತೇನು?" ಎಂದಿದ್ದರಂತೆ. ಚೇಷ್ಟೆಗೆ ಅಂದ ಮಾತೇ. ಆದರೆ ಮಾಸ್ತರರಿಗೆ ಅದು ನಟ್ಟಿತ್ತು. ನಿವೃತ್ತಿಯಾಗುವುದರೊಳಗೆ ಒಂದು, ಒಂದೇ ಒಂದು, ತಮ್ಮದೆನ್ನುವ ಕಲ್ಲು ಸಿಗಬೇಕು ಎಂದು ಅವರು ನನ್ನ ಮುಂದೆ ಹತ್ತು ಸಲ ಅಂದಿದ್ದರು. ಹೆಸರನ್ನೂ ಎತ್ತಿಟ್ಟಿದ್ದರು: ಘಟಪ್ರಭಾ. ಹುಕ್ಕೇರಿ ಕಡೆಯ ತಮ್ಮ ಹುಟ್ಟೂರಿನವರೂ, ಗೋಕಾಕದವರೂ, ಮೂಡಲಗಿಯವರೂ ಅದೇ ಹೊಳೆಯ ನೀರಿನವರು, ಯಾರೂ ಜಗಳ ತೆಗೆಯುವಂತಿಲ್ಲ ಎಂದು ಅವರ ಲೆಕ್ಕ.

ಇನ್ನು ನಮ್ಮ ಅವ್ವನ ವಿಷಯಕ್ಕೆ ಬರುತ್ತೇನೆ. ಅವ್ವ ಪ್ರತಿ ಅಮಾವಾಸ್ಯೆಯ ಸಂಜೆ ದೀಪ ಹಚ್ಚುವ ಹೊತ್ತಿಗೆ ಅಂಗಡಿಗೆ ಬಂದು ಪೂಜೆ ಮಾಡುತ್ತಿದ್ದಳು. ಅಪ್ಪನ ಕಾಲದಲ್ಲಿ ಇದು ಹೊಲಿಗೆ ಅಂಗಡಿ. ಆಗ ಹೊಲಿಗೆ ಯಂತ್ರಕ್ಕೆ ಪೂಜೆ. ಈಗ ಇಂಟರ್‌ನೆಟ್ಟಿನ ತಂತಿ ಕೂಡಿದ ದೊಡ್ಡ ಮಷಿನ್ನಿಗೆ. ಅದನ್ನು ಹಚ್ಚದೆ ಉಳಿದವಕ್ಕೂ ಇಂಟರ್‌ನೆಟ್ಟಿಲ್ಲ. ಕೀಬೋರ್ಡಿಗೆ ಅರಿಷಿಣ, ಕುಂಕುಮ, ಮೇಲೆ ಎರಡು ಹೂವು, ಪಕ್ಕದಲ್ಲಿ ಒಡೆದ ತೆಂಗಿನಕಾಯಿ. ಪೂಜೆ ಆಯಿತೆಂದರೆ ಮರುದಿನ ಬೆಳಗಿನವರೆಗೆ ಆ ಮಷಿನ್ನು ಮುಟ್ಟುವಂತಿಲ್ಲ. ಅಪ್ಪ ಎಂದೂ ಮುಟ್ಟಿದವನಲ್ಲ. ಮಾಸ್ತರರ ಕಲ್ಲುಗಳಿಗೂ ಅಮಾವಾಸ್ಯೆಗೂ ಬಿಡಲಾರದ ನಂಟು. ಬೆಳದಿಂಗಳಿದ್ದರೆ ಮಂಕು ಚುಕ್ಕೆಗಳು ಕಾಣುವುದಿಲ್ಲವಾದ್ದರಿಂದ ಒಳ್ಳೆಯ ಚಿತ್ರಗಳೆಲ್ಲ ಬರುವುದು ಆ ದಿನಗಳಲ್ಲೇ. ಆದರೂ ಎರಡು ವರ್ಷ ತಕರಾರು ಬರಲಿಲ್ಲ. ಅವರು ನಾಲ್ಕೂವರೆಗೆ ಹೋಗುತ್ತಿದ್ದರು, ಅವ್ವ ಆರಕ್ಕೆ ಬರುತ್ತಿದ್ದಳು.

ಆ ಶನಿವಾರ ಅಮಾವಾಸ್ಯೆ. ಶನಿವಾರ ಬಂದ ಅಮಾವಾಸ್ಯೆಗೆ ಅವ್ವನ ಮಡಿ ಒಂದು ತೂಕ ಹೆಚ್ಚು. ಮೂರು ಗಂಟೆಗೆ ಮೂಲೆಯ ಗೂಡಿನಿಂದ, "ತಮ್ಮಾ, ಇಲ್ಲಿ ಬಾ" ಎಂದು ಕೂಗು ಬಂತು. ಹೋದೆ. ಮಾಸ್ತರರು ತೆರೆಯ ಮೇಲೆ ಬೆರಳಿಟ್ಟು ತೋರಿಸಿದರು. ಅಂದು ನನಗೂ ಕಂಡಿತು ಆ ಚುಕ್ಕೆ. ಎಳ್ಳಿಗಿಂತ ಸಣ್ಣದು, ನಾಲ್ಕು ಚಿತ್ರದಲ್ಲೂ ಒಂದೇ ಹೆಜ್ಜೆ ಇಟ್ಟು ಮೇಲಿಂದ ಕೆಳಗೆ ಹೋಗುತ್ತಿತ್ತು. "ಪಟ್ಟಿ ಎಲ್ಲಾ ತಿರುವಿ ನೋಡಿದ್ನಿ. ಇದು ಯಾರ ಪಟ್ಟ್ಯಾಗೂ ಇಲ್ಲೋ" ಎಂದರು. ಅಳತೆ ಮಾಡಿ, ಲೆಕ್ಕ ಹಾಕಿ, ವರದಿ ಬರೆದು ಮುಗಿಸುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು. ಬ್ಯಾಟರಿಯಲ್ಲಿ ಉಸಿರಿದ್ದಷ್ಟು ಹೊತ್ತಿನಲ್ಲಿ ಬರೆದದ್ದನ್ನು ಉಳಿಸಿಕೊಂಡೆವು, ಕಳಿಸಲು ಆಗಲಿಲ್ಲ. ನಾಲ್ಕಾಯಿತು, ಕರೆಂಟಿಲ್ಲ. ನಾಲ್ಕೂ ಕಾಲು, ಇಲ್ಲ. ಮಾಸ್ತರರು ಒಮ್ಮೆ ಬಲ್ಬು, ಒಮ್ಮೆ ಗಡಿಯಾರ ನೋಡಿದರು. ಕಡೆಗೆ ಚೀಟಿಯ ಮೇಲೆ ತಮ್ಮ ಪಾಸ್‌ವರ್ಡು ಬರೆದು ನನ್ನ ಅಂಗೈಯಲ್ಲಿಟ್ಟರು. ಅದು ಏನೆಂದು ನಿಮಗೆ ಹೇಳುವುದಿಲ್ಲ. ಪದ್ಮಕ್ಕನಿಗೆ ಗೊತ್ತಾದರೆ ನಾಚಿಕೊಂಡಾರು. "ಕರೆಂಟ್ ಬಂದ ಕೂಡ್ಲೆ ಕಳಸು. ಒಂದ ತಾಸು ಸುದ್ದಾ ತಡಾ ಮಾಡಬ್ಯಾಡ. ಮುಂದ ನಿನ್ನ ಕೈಯಾಗ ಐತಿ" ಎಂದು ಹೇಳಿ ಬಸ್ಸಿಗೆ ಓಡಿದರು.

ಕರೆಂಟು ಬಂದದ್ದು ಆರೂವರೆಗೆ. ಅವ್ವ ಆರಕ್ಕೇ ಬಂದು ಮೇಣದಬತ್ತಿಯ ಬೆಳಕಿನಲ್ಲಿ ಪೂಜೆ ಮುಗಿಸಿದ್ದಳು. ನಾನು ಎಂದಿನ ಹಾಗೆ ಕಾಯಿ ಒಡೆದು ಕೊಟ್ಟಿದ್ದೆ, ಕರೆಂಟು ಎಂಟರ ತನಕ ಬಾರದು ಎಂಬ ಧೈರ್ಯದಲ್ಲಿ. ಬಲ್ಬು ಹತ್ತಿದ ಕೂಡಲೇ ನನ್ನ ಕೈ ಮಷಿನ್ನಿನ ಗುಂಡಿಯ ಹತ್ತಿರ ಹೋಯಿತು. "ಏನ ಮಾಡಾಕತ್ತಿ?" ಎಂದಳು ಅವ್ವ. "ಮಾಸ್ತರದ್ದು ಒಂದ ಕಾಗದಾ ಕಳಸೂದೈತಿ ಬೇ." "ನಾಳಿ ಕಳಸು. ಪೂಜಿ ಆದಮ್ಯಾಲ ನಿಮ್ಮಪ್ಪ ಎಂದರ ಮುಟ್ಟ್ಯಾನೇನು?" ನನ್ನ ಅವ್ವನನ್ನು ನೀವು ನೋಡಿಲ್ಲ, ನೋಡಿದ್ದರೆ ನನ್ನನ್ನು ಇಷ್ಟು ಬೈಯುತ್ತಿರಲಿಲ್ಲ. ಆದರೆ ಪೂರ್ತಿ ಅವಳ ಮೇಲೆ ಹಾಕಿದರೆ ಅದೂ ಸುಳ್ಳಾಗುತ್ತದೆ. ಅವಳು ಏಳು ಗಂಟೆಗೆ ಮನೆಗೆ ಹೋದಳು. ಆಮೇಲೆ ಒಂದೂವರೆ ತಾಸು ನಾನೊಬ್ಬನೇ ಇದ್ದೆ. ಕೋಟಿ ವರ್ಷದಿಂದ ತಿರುಗುತ್ತಿರುವ ಕಲ್ಲು ಒಂದು ರಾತ್ರಿಯಲ್ಲಿ ಎಲ್ಲಿಗೆ ಓಡಿಹೋದೀತು ಎಂದುಕೊಂಡೆ. ಹೂವು ಸರಿಸಲು ಕೈ ಬರಲಿಲ್ಲ. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಮೂಡಲಗಿಯ ನೆರೆಮನೆಯವರ ಫೋನಿನಿಂದ ಮಾಸ್ತರರು.

"ಹೋತೇನಪಾ?"

"ಹೋತ್ರಿ ಸರ" ಎಂದೆ.

ಯಾಕೆ ಹಾಗೆಂದೆ ಎಂದು ಕೇಳಬೇಡಿ. ಬಾಯಿ ತಾನೇ ಅಂದುಬಿಟ್ಟಿತು. ಮರುದಿನ ಬೆಳಿಗ್ಗೆ ಏಳಕ್ಕೇ ಬಾಗಿಲು ತೆರೆದು, ಕುಂಕುಮ ಒರೆಸಿ, ಮೊದಲು ಮಾಡಿದ ಕೆಲಸ ಆ ವರದಿ ಕಳಿಸಿದ್ದು. ಕಳಿಸಿ, ಆದದ್ದಾಯಿತು ಎಂದು ನಿಶ್ಚಿಂತನಾಗಿ ಎರಡು ಇಡ್ಲಿ ತಿಂದೆ.

ಉತ್ತರ ಬಂದದ್ದು ಮುಂದಿನ ಶನಿವಾರ. ಮಾಸ್ತರರು ನನ್ನನ್ನೂ ಕರೆದು ಪಕ್ಕದಲ್ಲಿ ಕೂರಿಸಿಕೊಂಡೇ ಅದನ್ನು ತೆರೆದರು. ಕಲ್ಲು ಹೊಸದೇ ಆಗಿತ್ತು. ಆದರೆ ಬೇರೊಂದು ದೇಶದವರಿಗೂ ಅದು ಕಂಡಿತ್ತು. ಅವರ ವರದಿ ನಮ್ಮ ಲೆಕ್ಕದಲ್ಲಿ ಆ ಶನಿವಾರ ರಾತ್ರಿ ಹತ್ತರ ಸುಮಾರಿಗೆ ಮುಟ್ಟಿತ್ತು. ಕಂಡುಹಿಡಿದ ಹೆಸರು ಅವರದು. ಮಾಸ್ತರರು ಆ ಉತ್ತರದ ಮೇಲಿನ ಒಂದು ಸಾಲನ್ನು ಬಹಳ ಹೊತ್ತು ನೋಡಿದರು. ಇಂಗ್ಲಿಷು ಬಿಡಿಸಿ ಓದುತ್ತಿದ್ದಾರೆ ಎಂದು ನಾನು ತಿಳಿದೆ. ನನ್ನ ಬುದ್ಧಿವಂತಿಕೆ ಅಷ್ಟು. ಆಮೇಲೆ ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿ, "ಇರಲಿ ಬಿಡು. ಯಾರೋ ನಮಗಿಂತ ಮೊದಲ ಕಂಡಾರ. ಒಂದ ಚಾ ಹೇಳು" ಎಂದರು. ಚಹಾ ಹೇಳಲು ಹೊರಗೆ ಬಂದವನು ಎಷ್ಟೋ ಹೊತ್ತು ಒಳಗೆ ಹೋಗಲಿಲ್ಲ. ಬಹಳ ಕೆಟ್ಟೆನಿಸಿತು. ಸಿಕ್ಕಿಬೀಳಲಿಲ್ಲವಲ್ಲ ಎಂದು ಸಮಾಧಾನವೂ ಆಯಿತು, ಅದು ಇನ್ನೂ ಕೆಟ್ಟದ್ದು.

ಅದಾಗಿ ಎರಡು ವಾರಕ್ಕೆ ಮಾಸ್ತರರು ತಮ್ಮ ಸಾಲಿಯಲ್ಲಿ ಬಿಸಾಡಿದ್ದ ಹಳೆಯ ಕೀಬೋರ್ಡೊಂದನ್ನು ಚೀಲದಲ್ಲಿ ಹಾಕಿಕೊಂಡು ಬಂದರು. ಅಂದು ಅವ್ವನೂ ಅಂಗಡಿಯಲ್ಲಿದ್ದಳು. "ಅವ್ವಾರ, ಕುಂಕುಮ ಕೀಲಿಯೊಳಗ ಹೋದ್ರ ಮಷಿನ್ ಕೆಡತೈತ್ರಿ. ಇನ್ನ ಮ್ಯಾಲ ಪೂಜಿಗೆ ಇದನ್ನ ಇಡ್ರಿ" ಎಂದು ಅವಳ ಮುಂದಿಟ್ಟರು. ಅವ್ವ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಇದು ಕೆಲಸಾ ಮಾಡತೈತೇನ್ರಿ ಮಾಸ್ತರ?"

"ಬಾಳ ವರ್ಷ ಮಾಡೇತ್ರಿ. ಈಗ ರಿಟಾಯರ್ ಆಗೈತಿ."

"ಹಂಗಾರ ಹಿರೇದು" ಎಂದಳು ಅವ್ವ, "ಪೂಜಿಗೆ ಹಿರೇದ ಛಲೋ."

ಹೀಗೆ ನಮ್ಮ ಅಂಗಡಿಯ ದೇವರು ಬದಲಾಯಿತು. ಅಂದಿನಿಂದ ಅಮಾವಾಸ್ಯೆಯ ಕುಂಕುಮವೆಲ್ಲ ಆ ನಿವೃತ್ತ ಕೀಬೋರ್ಡಿಗೆ, ದೊಡ್ಡ ಮಷಿನ್ನು ರಾತ್ರಿಯ ತನಕ ಕೆಲಸಕ್ಕೆ. ಮಾಸ್ತರರು ಎಷ್ಟು ಜೋಪಾನದ ಮನುಷ್ಯ, ನನ್ನ ಸಾಮಾನಿನ ಮೇಲೆ ಎಷ್ಟು ಕಾಳಜಿ ಎಂದು ನಾನು ಹತ್ತು ಮಂದಿಯ ಮುಂದೆ ಹೊಗಳಿದ್ದೇನೆ. ಅವರು ಮುಂದೆ ನಿವೃತ್ತರಾಗಿ ಹುಟ್ಟೂರು ಬೆಲ್ಲದ ಬಾಗೇವಾಡಿಗೆ ಹೋದರು, ಸ್ವಂತ ಕಂಪ್ಯೂಟರು ಕೊಂಡರು. ಗೋಕಾಕಕ್ಕೆ ಬಂದಾಗಲೆಲ್ಲ ನಮ್ಮಲ್ಲಿ ಒಂದು ಚಹಾ ಕುಡಿದೇ ಹೋಗುತ್ತಿದ್ದರು. ಅವ್ವ ತೀರಿಕೊಂಡ ಮೇಲೆ ಕೀಬೋರ್ಡು ಅಟ್ಟ ಸೇರಿತು.

ಈಗ ಮೊನ್ನೆಯ ಬೆಳಿಗ್ಗೆಗೆ ಬರೋಣ. ಸ್ಟೂಲಿನ ಮೇಲೆ ನಾನು ಮೂಸುತ್ತ ನಿಂತಾಗ ಮೇಳವಂಕಿಯಿಂದ ಒಬ್ಬ ಗಿರಾಕಿ ಬಂದ. ಅವನ ಅರ್ಜಿ ತಡವಾಯಿತೆಂದು ತಿರಸ್ಕಾರ ಆಗಿತ್ತು. "ನಾ ಹಿಂದಿನ ದಿನಾನ ಹಾಕೀನ್ರಿ" ಎಂದು ಜಗಳಕ್ಕೆ ನಿಂತ. ದಿನಕ್ಕೆ ಹತ್ತು ಸಲ ಹೇಳಿ ಬಾಯಿಪಾಠವಾದ ಮಾತನ್ನು ಅವನಿಗೂ ಹೇಳಿದೆ: "ಕಂಪ್ಯೂಟರ್ ಮುಂದ ಸುಳ್ಳ ನಡ್ಯೂದಿಲ್ಲಪಾ. ನೀ ಕಳಿಸಿದ ತಾರೀಖು, ತಾಸು, ನಿಮಿಷ ಎಲ್ಲಾ ಅದರಾಗ ಬರದಿರತೈತಿ." ಹೇಳಿದವನಿಗೆ ತನ್ನ ಮಾತು ತನಗೇ ಕೇಳಿಸಿತು. ಕೈಯಲ್ಲಿ ಆ ಕೀಬೋರ್ಡು ಇತ್ತು. ಉತ್ತರದ ಮೇಲಿನ ಆ ಒಂದು ಸಾಲು ನೆನಪಾಯಿತು, ನಮ್ಮ ವರದಿ ಮುಟ್ಟಿದ ಹೊತ್ತು ಬರೆದಿದ್ದ ಸಾಲು. ತಾಸು ನಿಮಿಷ ಓದುವುದನ್ನೇ ಕಸುಬು ಮಾಡಿಕೊಂಡ ಮನುಷ್ಯನಿಗೆ ಸಂಜೆಗೂ ಮರುದಿನ ಬೆಳಿಗ್ಗೆಗೂ ಅಂತರ ತಿಳಿಯದೆಂದು ನಾನು ಸುಮಾರು ಇಪ್ಪತ್ತು ವರ್ಷ ನೆಮ್ಮದಿಯಿಂದಿದ್ದೆ. ಸ್ಟೂಲಿನಿಂದ ಇಳಿದವನು ಅಂಗಡಿಯನ್ನು ಹೆಂಡತಿಗೆ ಬಿಟ್ಟು, ಕೀಬೋರ್ಡನ್ನು ಬಗಲಿಗಿಟ್ಟುಕೊಂಡು ಬೆಲ್ಲದ ಬಾಗೇವಾಡಿಯ ಬಸ್ಸು ಹುಡುಕುತ್ತ ನಡೆದೆ.

ಮಧ್ಯಾಹ್ನದ ತನಕ ಬಸ್ಸಿಗೆ ಕಾದು, ಎರಡು ಬಸ್ಸು ಬದಲಿಸಿ ನಾನು ಮುಟ್ಟಿದಾಗ ಸಂಜೆ ನಾಲ್ಕು ದಾಟಿತ್ತು. ಮಾಸ್ತರರು ಪಡಸಾಲೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತಿದ್ದರು, ಅದೇ ಸಜ್ಜೆ ರೊಟ್ಟಿ. ಪದ್ಮಕ್ಕ ನೀರು ತಂದುಕೊಟ್ಟರು. ಕುಡಿಯುವ ಮೊದಲೇ ಹೇಳಿಬಿಟ್ಟೆ, "ಸರ, ಅವತ್ತ ರಾತ್ರಿ ನಾ ಕಳಿಸಿರಲಿಲ್ರಿ. ಮರದಿನಾ ಮುಂಜಾನಿ ಕಳಿಸೀನಿ. ನಿಮಗ ಸುಳ್ಳ ಹೇಳೀನಿ." ಈ ವಯಸ್ಸಿನಲ್ಲಿ ಅಳುವುದು ಚೆಂದವಲ್ಲ, ಆದರೆ ಅತ್ತೆ.

ಪದ್ಮಕ್ಕ ಗಂಡನ ಕಡೆ ತಿರುಗಿ, "ಕಡೀಕೆ ಹೇಳಿದಾ ನೋಡ್ರಿ" ಎಂದರು. ನನಗೆ, "ನೀ ಎದುರಿಗೆ ಬಂದಾಗೆಲ್ಲಾ, ಇವತ್ತ ಹೇಳತಾನ, ಇವತ್ತ ಹೇಳತಾನ ಅಂತ ಕಾಯತಿದ್ರಪಾ ಇವರು. ನಾ ಅಂತೂ ಆಸೇನ ಬಿಟ್ಟಿದ್ನಿ" ಎಂದರು.

"ಗೊತ್ತಿತ್ತಲ್ರಿ, ಮತ್ತ ಯಾಕ ಬೈಲಿಲ್ಲ?" ಎಂದೆ.

"ಬೈದಿದ್ರ ಕಲ್ಲು ತಿರಗಿ ಬರತಿತ್ತೇನು?" ಎಂದರು ಮಾಸ್ತರರು. "ಮುಂದ ನೀ ನನ್ನ ಮಾರಿ ನೋಡಾಕ ಅಂಜತಿದ್ದಿ. ನನಗ ಬ್ಯಾರೆ ಅಂಗಡಿ ಹುಡಕೂದಾಗತಿತ್ತು. ಮತ್ತ ನಂದೂ ತಪ್ಪ ಐತೆಲ್ಲೋ. ಒಂದ ಹೊತ್ತ ಉಪಾಸ ಇದ್ದು ನಾನ ಕುಂತ ಕಳಸಬೇಕಿತ್ತು. ಹಸಿವಿ ಆಗಿತ್ತು, ಓಡಿ ಬಂದ್ನಿ."

ಆಮೇಲೆ ಇನ್ನೊಂದು ಸಿಕ್ಕಿತೇ ಎಂದು ಕೇಳಿದೆ. ಇಲ್ಲ ಎಂದರು. ಸಾಕಷ್ಟು ಕಲ್ಲುಗಳ ಬೆನ್ನು ಹತ್ತಿ ಜಾಗ ಬರೆದು ಕಳಿಸಿದ್ದಾರೆ, ತಮ್ಮದೆನ್ನುವುದು ಒಂದೂ ಇಲ್ಲ. ಅವರ ಒಂದೇ ಒಂದು ಕಲ್ಲನ್ನು ನಾನು ಎರಡು ಚೆಂಡುಹೂವು ಸರಿಸಲಾರದೆ ಕಳೆದಿದ್ದೆ. ನನ್ನ ಮೋರೆ ನೋಡಿ ಅವರೇ ಮಾತು ತಿರುಗಿಸಿದರು. ಕೀಬೋರ್ಡು ಕೈಗೆ ತೆಗೆದುಕೊಂಡು ಕುಂಕುಮದ ಮೇಲೆ ಬೆರಳಾಡಿಸಿ, "ಅವ್ವಾರು ಕೈ ಹಿಡದ ಹಾಕಿದಂಗಿಲ್ಲ" ಎಂದು ನಕ್ಕರು. ಆಮೇಲೆ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿ ಒಂದು ಚುಕ್ಕೆ ತೋರಿಸಿದರು.

"ಇದ ನೋಡು ಅದು. ಹೆಸರು ಯಾರದರ ಇರವಲ್ದ್ಯಾಕ, ಕಂಡಾಗೊಮ್ಮೆ ಇದರ ಜಾಗಾ ಬರದ ಕಳಸತೇನಿ. ಈ ಸಲದ್ದು ಬರದೀನಿ. ನೀನ ಕಳಸು."

"ಸರ, ಇವತ್ತ ಅಮಾಸಿ ಐತ್ರಿ."

"ಅದಕ್ಕ ಹೇಳಾಕತ್ತೀನಿ."

ಒಳಗಿನಿಂದ ಪದ್ಮಕ್ಕ, "ಹೊತ್ತ ಮುಣಗತೈತಿ, ಇಬ್ಬರೂ ಊಟಕ್ಕ ಏಳ್ರಿ" ಎಂದು ಕೂಗಿದರು. ನಾನು ಬೆರಳು ಒರೆಸಿಕೊಂಡು ಗುಂಡಿ ಒತ್ತಿದೆ.

"ಹೋತೇನಪಾ?"

"ಹೋತ್ರಿ ಸರ" ಎಂದೆ.

ಈ ಸಲ ಅವರು ನನ್ನ ಮಾತು ನಂಬಲಿಲ್ಲ. ಕನ್ನಡಕ ಏರಿಸಿಕೊಂಡು, ತೆರೆಯ ಮೇಲಿನ ತಾಸು ನಿಮಿಷವನ್ನು ತಾವೇ ಓದಿ, ವಹಿಯಲ್ಲಿ ಬರೆದುಕೊಂಡು, ಆಮೇಲೆ ಊಟಕ್ಕೆ ಎದ್ದರು.